ಹೊಸ ಕಂಪ್ಯೂಟರಿಗೆ ಹೋಗುವ ಮುಂಚೆ ನಿಮ್ಮ ಸಾಫ್ಟ್‌ವೇರನ್ನು ಒಂದು ಫೋಲ್ಡರಿಗೆ ತನ್ನಿ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಳೆಯ ಎಷ್ಟೋ ಯಂತ್ರಗಳಲ್ಲಿ ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲ, ಇಲ್ಲವೇ ಪ್ರೊಸೆಸರ್ ತೀರಾ ಹಳೆಯದು. ಹಾಗಾಗಿ ನನ್ನ ಪರಿಚಯದವರು ಒಬ್ಬೊಬ್ಬರಾಗಿ ಹೊಸ ಲ್ಯಾಪ್‌ಟಾಪ್ ತಗೊಳ್ಳುತ್ತಿದ್ದಾರೆ. ತಗೊಂಡ ಮೇಲೆ ನನಗೆ ಫೋನ್ ಬರುತ್ತದೆ. "ಅಕ್ಕಾರ, ಫೈಲೆಲ್ಲಾ ಕಾಪಿ ಮಾಡೇನ್ರಿ, ಆದ್ರೂ ಮೊದ್ಲಿನ ಹಂಗ ಒಂದೂ ಇಲ್ರಿ."

ನಾನು ಧಾರವಾಡದಲ್ಲಿ ಕನ್ನಡ ಪುಸ್ತಕಗಳ ಟೈಪಿಂಗ್, ಕರಡು ತಿದ್ದುವುದು, ಪುಟ ಕಟ್ಟುವುದು ಮಾಡುತ್ತೇನೆ. ಅರ್ಧ ದಿನ ಮನೆಯಲ್ಲಿ, ಅರ್ಧ ದಿನ ಪ್ರೆಸ್ಸಿನಲ್ಲಿ. ಎರಡು ಕಡೆ ಎರಡು ಕಂಪ್ಯೂಟರ್. ಎರಡರಲ್ಲೂ ಎಲ್ಲವೂ ಒಂದೇ ಥರ ಇರಬೇಕು, ಇಲ್ಲದಿದ್ದರೆ ಕೈ ಓಡುವುದಿಲ್ಲ. ಅದಕ್ಕಾಗಿಯೇ ನಾನು ಪೋರ್ಟಬಲ್ ಸಾಫ್ಟ್‌ವೇರ್, ಅಂದರೆ ಇನ್‌ಸ್ಟಾಲ್ ಮಾಡದೆ ತನ್ನ ಫೋಲ್ಡರಿನಿಂದಲೇ ಓಡುವ ಸಾಫ್ಟ್‌ವೇರ್, ಹಿಡಿದದ್ದು.

ಫೈಲು ಕಾಪಿ ಮಾಡಿದರೂ ಮೊದಲಿನ ಹಾಗೆ ಆಗುವುದಿಲ್ಲ ಯಾಕೆ? ಸಾಮಾನ್ಯವಾಗಿ ಇನ್‌ಸ್ಟಾಲ್ ಮಾಡಿದ ಸಾಫ್ಟ್‌ವೇರ್ ಮೂರು ಕಡೆ ಹರಡಿಕೊಂಡಿರುತ್ತದೆ. ಪ್ರೋಗ್ರಾಂ ಇರುವುದು ಸಿ ಡ್ರೈವಿನ ಪ್ರೋಗ್ರಾಂ ಫೈಲ್ಸ್‌ನಲ್ಲಿ. ನೀವು ವರ್ಷಗಟ್ಟಲೆ ಮಾಡಿಕೊಂಡ ಸೆಟ್ಟಿಂಗ್ ಇರುವುದು ಆ್ಯಪ್‌ಡೇಟಾ ಎಂಬ ಫೋಲ್ಡರಿನಲ್ಲಿ. ಅದು ಮಾಮೂಲಾಗಿ ಕಣ್ಣಿಗೇ ಕಾಣುವುದಿಲ್ಲ. ಇನ್ನಷ್ಟು ವಿವರ ರಿಜಿಸ್ಟ್ರಿಯಲ್ಲಿ, ಅಂದರೆ ವಿಂಡೋಸ್ ಸೆಟ್ಟಿಂಗ್‌ಗಳನ್ನು ಬರೆದಿಟ್ಟುಕೊಳ್ಳುವ ದಾಖಲೆಯಲ್ಲಿ. ನೀವು ಡಾಕ್ಯುಮೆಂಟ್ಸ್ ಮತ್ತು ಡೆಸ್ಕ್‌ಟಾಪ್ ಕಾಪಿ ಮಾಡಿದರೆ ಈ ಮೂರರಲ್ಲಿ ಒಂದೂ ಬರಲಿಲ್ಲ. ಪೋರ್ಟಬಲ್ ಸಾಫ್ಟ್‌ವೇರ್ ಮಾತ್ರ ಒಗ್ಗರಣೆ ಡಬ್ಬಿ ಇದ್ದ ಹಾಗೆ. ಸಾಸಿವೆ, ಜೀರಿಗೆ, ಅರಿಶಿನ ಎಲ್ಲಾ ಅದರೊಳಗೇ ಇರುತ್ತದೆ. ಡಬ್ಬಿ ಎತ್ತಿಕೊಂಡು ಯಾವ ಅಡುಗೆಮನೆಗೆ ಹೋದರೂ ಕೆಲಸ ಶುರು ಮಾಡಬಹುದು.

ಪ್ರೋಗ್ರಾಂ ಕಳೆದುಹೋದರೆ ಇವತ್ತೇ ಮತ್ತೆ ಇಳಿಸಿಕೊಳ್ಳಬಹುದು. ನಿಮ್ಮ ಕೈಯ ಅಭ್ಯಾಸ ಸೇರಿಕೊಂಡ ಸೆಟ್ಟಿಂಗ್ ಹೋದರೆ ಎಲ್ಲಿಂದಲೂ ಸಿಗುವುದಿಲ್ಲ. ಕಾಪಾಡಬೇಕಾದದ್ದು ಅದನ್ನೇ.

ಈ ಕೆಲಸವನ್ನು ಹಳೆಯ ಕಂಪ್ಯೂಟರ್ ಚೆನ್ನಾಗಿ ಓಡುತ್ತಿರುವಾಗಲೇ ಶುರು ಮಾಡಿ. ಡಿ ಡ್ರೈವಿನಲ್ಲಿ ಒಂದು ಹೊಸ ಫೋಲ್ಡರ್ ಮಾಡಿ, ಹೆಸರು ಏನಾದರೂ ಇರಲಿ. ನನ್ನದರ ಹೆಸರು 'ಕೆಲಸ'. ಡಿ ಡ್ರೈವ್ ಇಲ್ಲದಿದ್ದರೆ ಸಿ ಡ್ರೈವಿನಲ್ಲೇ ಮಾಡಿ, ಆದರೆ ಪ್ರೋಗ್ರಾಂ ಫೈಲ್ಸ್ ಒಳಗೆ ಬೇಡ. ಪೋರ್ಟಬಲ್ ಸಾಫ್ಟ್‌ವೇರ್ ತನ್ನ ಫೋಲ್ಡರಿನಲ್ಲೇ ಬರೆದಿಟ್ಟುಕೊಳ್ಳುತ್ತದೆ. ಅಲ್ಲಿ ಬರೆಯಲು ವಿಂಡೋಸ್ ಸುಲಭವಾಗಿ ಬಿಡುವುದಿಲ್ಲ. ಫೈಲುಗಳನ್ನು ಇಂಟರ್ನೆಟ್ಟಿಗೆ ತಾನಾಗಿ ನಕಲು ಮಾಡುವ ಮೈಕ್ರೋಸಾಫ್ಟಿನ ಒನ್‌ಡ್ರೈವ್ ಫೋಲ್ಡರ್ ಒಳಗೂ ಇಡಬೇಡಿ. ಬ್ರೌಸರ್ ಓಡುತ್ತಿರುವಾಗಲೇ ಅದರ ಫೈಲುಗಳನ್ನು ಒನ್‌ಡ್ರೈವ್ ಎಳೆದಾಡಿದರೆ ಕೆಡುವ ಸಾಧ್ಯತೆ ಇದೆ.

ಸಾಫ್ಟ್‌ವೇರ್ ಎಲ್ಲಿಂದ ತರಬೇಕು? ಪೋರ್ಟಬಲ್‌ಆ್ಯಪ್ಸ್ ಡಾಟ್ ಕಾಮ್ ತಾಣದಲ್ಲಿ ಫೈರ್‌ಫಾಕ್ಸ್, ಥಂಡರ್‌ಬರ್ಡ್, ಲಿಬ್ರೆಆಫೀಸ್, ವಿಎಲ್‌ಸಿ, 7-ಜಿಪ್ ಹೀಗೆ ಬಹಳಷ್ಟು ಸಿಗುತ್ತವೆ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ಸುಮಾತ್ರಾ ಪಿಡಿಎಫ್, ಪಾಸ್‌ವರ್ಡ್ ಜೋಪಾನ ಮಾಡುವ ಕೀಪಾಸ್ ಮುಂತಾದವು ತಮ್ಮ ತಮ್ಮ ತಾಣಗಳಲ್ಲೇ ಪೋರ್ಟಬಲ್ ಆವೃತ್ತಿಯನ್ನೂ ಕೊಡುತ್ತವೆ. ಎಲ್ಲವೂ ಉಚಿತ. 'ಪೋರ್ಟಬಲ್ ಫೋಟೋಶಾಪ್' ಅಂತ ಪೆನ್‌ಡ್ರೈವಿನಲ್ಲಿ ಅವರಿವರು ಕೊಡುವುದನ್ನು ಮಾತ್ರ ದಯವಿಟ್ಟು ಮುಟ್ಟಬೇಡಿ. ಅದು ಕದ್ದ ಮಾಲು. ಒಳಗೆ ಯಾರು ಏನು ಸೇರಿಸಿದ್ದಾರೋ ಗೊತ್ತಾಗುವುದಿಲ್ಲ. ಜನ ನಂಬಿ ಕೊಟ್ಟ ಹಸ್ತಪ್ರತಿಗಳು ನಮ್ಮ ಯಂತ್ರದಲ್ಲಿ ಇರುತ್ತವೆ, ಅಲ್ವಾ?

ಪೋರ್ಟಬಲ್‌ಆ್ಯಪ್ಸ್‌ನಿಂದ ಬಂದ ಪ್ರತಿ ಸಾಫ್ಟ್‌ವೇರ್ ಫೋಲ್ಡರಿನಲ್ಲೂ 'ಆ್ಯಪ್' ಮತ್ತು 'ಡೇಟಾ' ಅಂತ ಎರಡು ಫೋಲ್ಡರ್ ಕಾಣುತ್ತವೆ. ಆ್ಯಪ್ ಅಂದರೆ ಪ್ರೋಗ್ರಾಂ, ಡೇಟಾ ಅಂದರೆ ನೀವು ಮಾಡಿಕೊಂಡದ್ದು. ಹೊಸ ಆವೃತ್ತಿ ಬಂದಾಗ ಅದೇ ಫೋಲ್ಡರಿನ ಮೇಲೆ ಹಾಕಿದರೆ ಆ್ಯಪ್ ಬದಲಾಗುತ್ತದೆ, ಡೇಟಾ ಹಾಗೇ ಉಳಿಯುತ್ತದೆ.

ಈಗ ಇನ್‌ಸ್ಟಾಲ್ ಆಗಿರುವುದರಿಂದ ಪೋರ್ಟಬಲ್‌ಗೆ ಬರುವ ದಾರಿ. ಫೈರ್‌ಫಾಕ್ಸ್ ತಗೊಳ್ಳೋಣ. ಹೆಲ್ಪ್ ಮೆನುವಿನಲ್ಲಿ ಟ್ರಬಲ್‌ಶೂಟಿಂಗ್ ಇನ್ಫರ್ಮೇಷನ್ ತೆರೆಯಿರಿ. ಅಲ್ಲಿ 'ಪ್ರೊಫೈಲ್ ಫೋಲ್ಡರ್' ಅನ್ನುವ ಸಾಲಿನ ಪಕ್ಕ ಒಂದು ಬಟನ್ ಇದೆ, ಒತ್ತಿದರೆ ಫೋಲ್ಡರ್ ತೆರೆದುಕೊಳ್ಳುತ್ತದೆ. ಫೈರ್‌ಫಾಕ್ಸ್ ಮುಚ್ಚಿ. ಆ ಫೋಲ್ಡರಿನ ಒಳಗಿರುವುದನ್ನೆಲ್ಲ ಪೋರ್ಟಬಲ್ ಫೈರ್‌ಫಾಕ್ಸಿನ ಡೇಟಾ ಒಳಗಿನ 'ಪ್ರೊಫೈಲ್' ಫೋಲ್ಡರಿಗೆ ಕಾಪಿ ಮಾಡಿ. ಬುಕ್‌ಮಾರ್ಕ್, ಪಾಸ್‌ವರ್ಡ್, ಆ್ಯಡ್‌ಆನ್ ಎಲ್ಲಾ ಬರುತ್ತವೆ. ಪೋರ್ಟಬಲ್ ಆವೃತ್ತಿ ಹಳೆಯದಾಗಿರಬಾರದು. ಹೊಸ ಆವೃತ್ತಿಯಲ್ಲಿ ಬಳಸಿದ ಪ್ರೊಫೈಲನ್ನು ಹಳೆಯ ಫೈರ್‌ಫಾಕ್ಸ್ ತೆರೆಯಲು ಒಪ್ಪುವುದಿಲ್ಲ.

ಪಾಸ್‌ವರ್ಡ್ ಅಷ್ಟು ಸುಲಭವಾಗಿ ಬಂತು ಅಂದರೆ ಫೋಲ್ಡರ್ ಬೇರೆಯವರ ಕೈಗೆ ಸಿಕ್ಕರೆ ಅವರಿಗೂ ಅಷ್ಟೇ ಸುಲಭ. ಆದ್ದರಿಂದ ಫೈರ್‌ಫಾಕ್ಸಿನ ಪ್ರೈವಸಿ ಸೆಟ್ಟಿಂಗಿನಲ್ಲಿ ಉಳಿದ ಪಾಸ್‌ವರ್ಡುಗಳಿಗೆಲ್ಲ ಬೀಗವಾಗುವ 'ಪ್ರೈಮರಿ ಪಾಸ್‌ವರ್ಡ್' ಹಾಕಲೇಬೇಕು. ಕ್ರೋಮ್ ಹೀಗಲ್ಲ. ಅದು ಪಾಸ್‌ವರ್ಡುಗಳನ್ನು ಆ ಯಂತ್ರದ ನಿಮ್ಮ ವಿಂಡೋಸ್ ಖಾತೆಗೇ ಬೀಗ ಹಾಕಿ ಇಡುತ್ತದೆ. ಫೋಲ್ಡರ್ ಕಾಪಿ ಮಾಡಿದರೂ ಹೊಸ ಕಂಪ್ಯೂಟರಿನಲ್ಲಿ ಬೀಗ ತೆರೆಯುವುದಿಲ್ಲ. ಕ್ರೋಮ್ ಬಳಸುವವರು ಗೂಗಲ್ ಖಾತೆಯ ಸಿಂಕ್ ಮೂಲಕವೇ ಹೋಗುವುದು ಒಳ್ಳೆಯದು.

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಲಿಬ್ರೆಆಫೀಸಿನ ಆಟೋಕರೆಕ್ಟ್. ಟೂಲ್ಸ್ ಮೆನುವಿನ ಆಟೋಕರೆಕ್ಟ್ ಆಪ್ಷನ್ಸ್‌ನಲ್ಲಿ ಭಾಷೆ ಕನ್ನಡ ಅಂತ ಆರಿಸಿ, ಎಡಕ್ಕೆ ಚಿಕ್ಕ ರೂಪ, ಬಲಕ್ಕೆ ಪೂರ್ಣ ರೂಪ ಕೊಡಬಹುದು. 'ಜಿಪಂ' ಅಂತ ಹೊಡೆದು ಸ್ಪೇಸ್ ಒತ್ತಿದರೆ 'ಜಿಲ್ಲಾ ಪಂಚಾಯಿತಿ'. 'ಕವಿವಿ' ಅಂದರೆ 'ಕರ್ನಾಟಕ ವಿಶ್ವವಿದ್ಯಾಲಯ'. ನನ್ನ ಕೈ ತಪ್ಪುವ ಪದಗಳೂ ಅಲ್ಲೇ ಇವೆ. ಇದೆಲ್ಲ ಸೇರುವುದು 'ಆಟೋಕರ್' ಎಂಬ ಪುಟ್ಟ ಫೋಲ್ಡರಿನಲ್ಲಿರುವ ಒಂದು ಫೈಲಿಗೆ. ಇನ್‌ಸ್ಟಾಲ್ ಮಾಡಿದ ಲಿಬ್ರೆಆಫೀಸ್ ಇದ್ದರೆ ಅದು ಆ್ಯಪ್‌ಡೇಟಾ, ರೋಮಿಂಗ್, ಲಿಬ್ರೆಆಫೀಸ್, 4, ಯೂಸರ್ ಹೀಗೆ ಒಂದರೊಳಗೊಂದು ಇಳಿದರೆ ಸಿಗುತ್ತದೆ. ಆವೃತ್ತಿ ಎಷ್ಟೇ ಹೊಸದಿದ್ದರೂ ಆ ಫೋಲ್ಡರಿನ ಹೆಸರು 4 ಅಂತಲೇ ಇರುತ್ತದೆ, ಗಾಬರಿ ಬೇಡ. ಪೋರ್ಟಬಲ್‌ನಲ್ಲಿ ಡೇಟಾ ಫೋಲ್ಡರಿನ ಒಳಗಿನ ಸೆಟ್ಟಿಂಗ್ಸ್, ಅದರೊಳಗಿನ ಯೂಸರ್. ಲಿಬ್ರೆಆಫೀಸ್ ಮುಚ್ಚಿ, ಅಲ್ಲಿಂದ ಇಲ್ಲಿಗೆ ಆ ಫೋಲ್ಡರ್ ಹಾಕಿದರೆ ಸಾಕು. ಗಾತ್ರ ಒಂದು ಫೋಟೋದಷ್ಟೂ ಇಲ್ಲ, ಆದರೆ ನನ್ನ ಟೈಪಿಂಗಿನ ಅರ್ಧ ವೇಗ ಅದರಲ್ಲಿದೆ.

ಸುಮಾತ್ರಾ ಪಿಡಿಎಫ್ ಬಗ್ಗೆ ಒಂದು ಮಾತು. ಯಾವ ಪಿಡಿಎಫ್‌ನ ಯಾವ ಪುಟದಲ್ಲಿ ನಿಲ್ಲಿಸಿದ್ದೆ ಅನ್ನುವುದನ್ನು ಅದು ತನ್ನ ಪಕ್ಕದಲ್ಲೇ ಇರುವ ಸೆಟ್ಟಿಂಗ್ ಫೈಲಿನಲ್ಲಿ ಬರೆದಿಡುತ್ತದೆ. ಕರಡು ನೋಡುವವರಿಗೆ ಇದು ದೊಡ್ಡ ಉಪಕಾರ. ಫೈಲಿನ ಪೂರ್ತಿ ವಿಳಾಸ ಇಟ್ಟುಕೊಂಡು ನೆನಪಿಡುವುದರಿಂದ ಹೊಸ ಕಂಪ್ಯೂಟರಿನಲ್ಲೂ ಡ್ರೈವಿನ ಅಕ್ಷರ, ಫೋಲ್ಡರಿನ ಹೆಸರು ಮೊದಲಿನದೇ ಇರಲಿ. ಡ್ರೈವಿನ ಅಕ್ಷರವನ್ನು ಡಿಸ್ಕ್ ಮ್ಯಾನೇಜ್‌ಮೆಂಟಿನಲ್ಲಿ ಬದಲಾಯಿಸಬಹುದು, ಸಿ ಡ್ರೈವ್ ಮಾತ್ರ ಮುಟ್ಟಬೇಡಿ.

ಸಾಗಿಸುವ ದಿನ ಎಲ್ಲಾ ಸಾಫ್ಟ್‌ವೇರ್ ಮುಚ್ಚಿ, ಫೋಲ್ಡರನ್ನು 7-ಜಿಪ್‌ನಲ್ಲಿ ಒಂದೇ ಫೈಲು ಮಾಡಿ. ಬ್ರೌಸರ್ ಪ್ರೊಫೈಲಿನಲ್ಲಿ ಸಾವಿರಾರು ಚಿಲ್ಲರೆ ಫೈಲುಗಳಿರುತ್ತವೆ. ಹಾಗೇ ಕಾಪಿಗೆ ಹಾಕಿದರೆ ಪೆನ್‌ಡ್ರೈವ್ ತೆವಳುತ್ತದೆ. ಪೆನ್‌ಡ್ರೈವ್ ಫ್ಯಾಟ್32 ಎಂಬ ಹಳೆಯ ಬಗೆಯ ಫಾರ್ಮ್ಯಾಟಿನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲನ್ನು ಅದು ತಗೊಳ್ಳುವುದಿಲ್ಲ, ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿಕೊಳ್ಳಿ. ಪೆನ್‌ಡ್ರೈವಿನಿಂದಲೇ ದಿನವಿಡೀ ಸಾಫ್ಟ್‌ವೇರ್ ಓಡಿಸುವುದು ನನಗೆ ಸರಿ ಕಾಣುವುದಿಲ್ಲ. ನಿಧಾನ, ಮತ್ತು ಯಾರಾದರೂ ಸುಮ್ನೆ ಎಳೆದುಬಿಟ್ಟರೆ ಫೈಲು ಕೆಡುತ್ತದೆ. ಸಾಗಿಸಲು ಪೆನ್‌ಡ್ರೈವ್, ಕೆಲಸಕ್ಕೆ ಕಂಪ್ಯೂಟರಿನ ಡಿಸ್ಕ್ ಅಥವಾ ಹೊರಗಿನ ಎಸ್‌ಎಸ್‌ಡಿ.

ಹೊಸದರಲ್ಲಿ ಬಿಡಿಸಿದ ಮೇಲೆ ಟಾಸ್ಕ್‌ಬಾರಿಗೆ ಅಂಟಿಸುವಾಗ ಸ್ವಲ್ಪ ಗಮನ ಇರಲಿ. ಓಡುತ್ತಿರುವ ಫೈರ್‌ಫಾಕ್ಸಿನ ಚಿಹ್ನೆಯನ್ನು ಪಿನ್ ಮಾಡಿದರೆ ಒಳಗಿನ ಪ್ರೋಗ್ರಾಂ ನೇರವಾಗಿ ಶುರುವಾಗಿ, ಬುಕ್‌ಮಾರ್ಕ್ ಒಂದೂ ಇಲ್ಲದ ಖಾಲಿ ಬ್ರೌಸರ್ ಬರಬಹುದು. ಹೊರಗಿನ 'ಫೈರ್‌ಫಾಕ್ಸ್ ಪೋರ್ಟಬಲ್' ಫೈಲಿಗೇ ಶಾರ್ಟ್‌ಕಟ್ ಮಾಡಿ.

ಇನ್ನು ಪೋರ್ಟಬಲ್ ಆಗದವು. ಕನ್ನಡದವರಿಗೆ ಇಲ್ಲೇ ಜಾಸ್ತಿ ತೊಂದರೆ.

ಕನ್ನಡ ಟೈಪಿಂಗಿನ ನುಡಿ, ಬರಹ ಸಾಫ್ಟ್‌ವೇರುಗಳು ಇನ್‌ಸ್ಟಾಲ್ ಆಗಲೇಬೇಕು. ಸೆಟಪ್ ಫೈಲುಗಳನ್ನು ಮೊದಲೇ ನಿಮ್ಮ ಫೋಲ್ಡರಿನಲ್ಲಿ ಹಾಕಿಡಿ. ಹಳೆಯ 'ನುಡಿ 01 ಇ' ಫಾಂಟಿನಲ್ಲಿ ಹೊಡೆದ ಕಡತ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಕಡತ ಕೆಟ್ಟಿಲ್ಲ, ಫಾಂಟ್ ಬಂದಿಲ್ಲ ಅಷ್ಟೇ. ಅಳಿಸಿಬಿಡಬೇಡಿ. ಫಾಂಟ್ ಕಾಪಿ ಮಾಡುವಾಗ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರ್ ಒಂದನ್ನೇ ನೋಡಿದರೆ ಸಾಲದು. ಇತ್ತೀಚಿನ ವಿಂಡೋಸ್‌ನಲ್ಲಿ ಒಬ್ಬ ಬಳಕೆದಾರರಿಗೆ ಮಾತ್ರ ಅಂತ ಹಾಕಿದ ಫಾಂಟುಗಳು ಆ್ಯಪ್‌ಡೇಟಾದ ಲೋಕಲ್ ಫೋಲ್ಡರಿನಲ್ಲಿ, ಮೈಕ್ರೋಸಾಫ್ಟ್, ವಿಂಡೋಸ್ ದಾಟಿ ಇನ್ನೊಂದು ಫಾಂಟ್ಸ್ ಫೋಲ್ಡರಿನಲ್ಲಿ ಕೂತಿರುತ್ತವೆ.

ಯಾವ ಕನ್ನಡ ಯೂನಿಕೋಡ್ ಫಾಂಟಿನಲ್ಲೂ ಓದಲು ಬರುವ ಯೂನಿಕೋಡ್‌ನಲ್ಲಿ ಹೊಡೆದವರೂ ಪಾರಾದೆವು ಅಂದುಕೊಳ್ಳುವ ಹಾಗಿಲ್ಲ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಬಂದ ತುಂಗಾ ಫಾಂಟ್ ಈಗ ತಾನಾಗಿ ಇರುವುದಿಲ್ಲ. ಅದರ ಜಾಗದಲ್ಲಿ ನಿರ್ಮಲಾ ಎಂಬ ಫಾಂಟ್ ಬಂದು ಕೂರುತ್ತದೆ. ಅಕ್ಷರದ ಅಗಲ ಬೇರೆ, ಸಾಲಿನ ಎತ್ತರ ಬೇರೆ. ಪ್ಯಾರಾ ಮುಂದಿನ ಪುಟಕ್ಕೆ ಜಾರುತ್ತದೆ, ಪರಿವಿಡಿಯ ಪುಟಸಂಖ್ಯೆ ತಪ್ಪುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆಪ್ಷನಲ್ ಫೀಚರ್ಸ್ ತೆರೆದು 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಸೇರಿಸಿದರೆ ತುಂಗಾ ವಾಪಸ್ ಬರುತ್ತದೆ. ಹಳೆಯ ಕಂಪ್ಯೂಟರಿನಲ್ಲೇ ಮುಖ್ಯವಾದ ಕಡತಗಳ ಪಿಡಿಎಫ್ ಮಾಡಿಟ್ಟುಕೊಂಡರೆ ಹೊಸದರಲ್ಲಿ ಪಕ್ಕಪಕ್ಕ ಇಟ್ಟು ನೋಡಬಹುದು. ನಾನು ಪ್ರತಿ ಅಧ್ಯಾಯದ ಕೊನೆಯ ಸಾಲು ಹೋಲಿಸುತ್ತೇನೆ. ಅದು ಸರಿ ಇದ್ದರೆ ಒಳಗಿನದೂ ಬಹುತೇಕ ಸರಿ ಇರುತ್ತದೆ.

ಲೆಕ್ಕಪತ್ರದ ಟ್ಯಾಲಿ ಸಾಫ್ಟ್‌ವೇರ್ ಇರುವವರು ಹಳೆಯದರಲ್ಲಿ ಲೈಸೆನ್ಸ್ ಸರೆಂಡರ್ ಮಾಡಿ ಆಮೇಲೆ ಹೊಸದರಲ್ಲಿ ಹಾಕಿ. ಡೇಟಾ ಫೋಲ್ಡರ್ ಬೇರೆಯೇ ಕಾಪಿ ಆಗಬೇಕು. ಡಿಜಿಟಲ್ ಸಹಿಯ ಟೋಕನ್, ಪ್ರಿಂಟರ್ ಇವುಗಳ ಡ್ರೈವರ್ ಹೊಸದಾಗಿಯೇ ಹಾಕಬೇಕು.

ಹೊಸ ಲ್ಯಾಪ್‌ಟಾಪ್ ಶುರು ಮಾಡಿದ ದಿನವೇ ಇನ್ನೊಂದು ಕೆಲಸ ಮಾಡಿ. ಎಷ್ಟೋ ಯಂತ್ರಗಳಲ್ಲಿ ಡಿಸ್ಕಿಗೆ ಬೀಗ ಹಾಕುವ ಡಿಸ್ಕ್ ಎನ್‌ಕ್ರಿಪ್ಷನ್ ತಾನಾಗಿ ಶುರುವಾಗಿರುತ್ತದೆ. ಬೀಗ ಬಿದ್ದರೆ ತೆಗೆಯುವ ಅದರ ರಿಕವರಿ ಕೀ 48 ಅಂಕಿಗಳದ್ದು, ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಇರುತ್ತದೆ. ಅದನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಅಂಗಡಿಯವರೇ ಸೆಟಪ್ ಮಾಡಿಕೊಟ್ಟಿದ್ದರೆ ಯಾರ ಖಾತೆ ಹಾಕಿದ್ದಾರೆ ಅಂತ ನೋಡಿ. ಬೇರೆಯವರದಾಗಿದ್ದರೆ ಇವತ್ತೇ ಬದಲಾಯಿಸಿ.

ಹಳೆಯದನ್ನು ಕೂಡಲೇ ಮಾರಬೇಡಿ. ಹೊಸದರಲ್ಲಿ ಒಂದು ಪೂರ್ತಿ ಕೆಲಸ, ಟೈಪಿಂಗಿನಿಂದ ಪ್ರಿಂಟಿಗೆ ಹೋಗುವವರೆಗೆ, ಮುಗಿಯಲಿ. ಆಮೇಲೆ ಹಳೆಯದರಲ್ಲಿ ರೀಸೆಟ್ ತೆರೆದು, 'ರಿಮೂವ್ ಎವ್ರಿಥಿಂಗ್' ಆರಿಸಿ, ಸೆಟ್ಟಿಂಗ್ ಬದಲಾಯಿಸುವಲ್ಲಿ 'ಕ್ಲೀನ್ ಡೇಟಾ' ಆನ್ ಮಾಡಿ ಬಿಡಿ. ಗಂಟೆಗಟ್ಟಲೆ ಹಿಡಿಯಬಹುದು, ಚಾರ್ಜರ್ ಹಾಕಿಯೇ ಇರಲಿ.