ದಿನಕ್ಕೆ 30 ಕಿಲೋಮೀಟರ್ ಓಡುವ ಪಿಕಪ್‌ಗೆ ಸಿಂಥೆಟಿಕ್ ಆಯಿಲ್: ನನ್ನ ಅನುಭವ

ಮೈಸೂರಿನಲ್ಲಿ ನೀರಿನ ಕ್ಯಾನ್ ಸಪ್ಲೈ ಮಾಡುವ ನನ್ನ ಪಿಕಪ್ ದಿನಕ್ಕೆ 30 ಕಿಲೋಮೀಟರ್ ಓಡಿದರೆ ಹೆಚ್ಚು. ಮೇಟಗಳ್ಳಿ ಕಡೆಯಿಂದ ಲೋಡ್ ಮಾಡಿಕೊಂಡು ಹೊರಟರೆ ಗೋಕುಲಂ, ವಿಜಯನಗರ, ಹೆಬ್ಬಾಳು ಅಂತ ಬೀದಿ ಬೀದಿ ತಿರುಗಿ ಬರುವುದು, ಅಷ್ಟೇ. ಇನ್ನೂರು ಮೀಟರ್ ಹೋಗು, ನಿಲ್ಲಿಸು, ನಾಲ್ಕು ಕ್ಯಾನ್ ಇಳಿಸು, ಖಾಲಿ ಕ್ಯಾನ್ ಹಾಕಿಕೋ, ಮತ್ತೆ ಸೆಲ್ಫ್ ಹೊಡಿ. ಗಾಡಿ ಬಿಎಸ್-6 (ಹೊಸ ಹೊಗೆ ನಿಯಮದ) ಡೀಸೆಲ್, ಒಂದೂವರೆ ಲೀಟರಿನ ಟರ್ಬೊ ಇಂಜಿನ್, ಹೊಗೆ ಹೋಗುವ ದಾರಿಯಲ್ಲಿ ಡಿಪಿಎಫ್, ಅಂದರೆ ಮಸಿ ಹಿಡಿಯುವ ಫಿಲ್ಟರ್. ಇಂಥ ಗಾಡಿಗೆ ಫುಲ್ ಸಿಂಥೆಟಿಕ್ ಇಂಜಿನ್ ಆಯಿಲ್ ಹಾಕಿದರೆ ಆಯಿಲ್ ಚೇಂಜ್ ಎಷ್ಟು ಸಾವಿರ ಕಿಲೋಮೀಟರಿನವರೆಗೆ ಎಳೆಯಬಹುದು ಅಂತ ಲೈನ್‌ನಲ್ಲಿರುವ ಹುಡುಗರು ಕೇಳುತ್ತಲೇ ಇರುತ್ತಾರೆ. ನಾನು ಹೇಳುವುದು ಇಷ್ಟೇ: ಸಿಂಥೆಟಿಕ್ ಹಾಕಿ, ಆದರೆ ಎಳೆಯುವುದಕ್ಕೆ ಅಂತ ಹಾಕಬೇಡಿ.

ಮೊದಲು ಕಿಲೋಮೀಟರ್ ಲೆಕ್ಕ ಬಿಡಬೇಕು. ಈ ಬುದ್ಧಿ ನನಗೆ ಬಂದದ್ದು ಟ್ರ್ಯಾಕ್ಟರ್ ಇಟ್ಟುಕೊಂಡಿರುವ ನಮ್ಮ ಭಾವನಿಂದ. "ಟ್ರ್ಯಾಕ್ಟರ್‌ಗೆ ಯಾರಾದರೂ ಕಿಲೋಮೀಟರ್ ನೋಡ್ತಾರೇನಯ್ಯಾ? ಗಂಟೆ ನೋಡು" ಅಂದರು. ಹೌದಲ್ಲ! ಟ್ರ್ಯಾಕ್ಟರಿನಲ್ಲಿ ಅವರ್ ಮೀಟರ್ ಇರುತ್ತದೆ, 250 ಗಂಟೆಗೆ ಆಯಿಲ್ ಅನ್ನುವುದು ರೈತರಿಗೆಲ್ಲ ಗೊತ್ತಿರುವ ಲೆಕ್ಕ. ನನ್ನ ಗಾಡಿಗೆ ಅದನ್ನೇ ಹಾಕಿ ನೋಡಿದೆ. ಹೈವೇಯಲ್ಲಿ ಸರಾಸರಿ 50ರಲ್ಲಿ ಓಡುವ ಗಾಡಿಗೆ 10,000 ಕಿಲೋಮೀಟರ್ ಅಂದರೆ 200 ಗಂಟೆಯ ದುಡಿಮೆ. ನಾನು ಆಗ ಬಹಳ ಕಡೆ ಕ್ಯಾನ್ ಇಳಿಸುವಾಗಲೂ ಇಂಜಿನ್ ಚಾಲೂ ಬಿಟ್ಟಿರುತ್ತಿದ್ದೆ. ಸರಾಸರಿ ಗಂಟೆಗೆ 10 ಕಿಲೋಮೀಟರ್ ದಾಟುತ್ತಿರಲಿಲ್ಲ. ಅದೇ 10,000 ಕಿಲೋಮೀಟರಿಗೆ ನನ್ನ ಇಂಜಿನ್ 1,000 ಗಂಟೆ ತಿರುಗಿರುತ್ತದೆ. ಬಾನೆಟ್ಟಿನ ಮೇಲೆ ಇಬ್ಬರಿಗೂ ಒಂದೇ ಸರ್ವಿಸ್ ಸ್ಟಿಕ್ಕರು. ಜನರೇಟರಿಗೆ ಹಾಕುವ ಸಣ್ಣ ಅವರ್ ಮೀಟರ್ ಒಂದನ್ನು ಅವತ್ತೇ ಕೂರಿಸಿದೆ.

ಗಂಟೆ ಜಾಸ್ತಿಯಾಗುವುದಕ್ಕಿಂತ ದೊಡ್ಡ ತೊಂದರೆ ಇಂಜಿನ್ ಪೂರ್ತಿ ಕಾಯದಿರುವುದು. ಮೀಟರಿನಲ್ಲಿ ಟೆಂಪರೇಚರ್ ಮುಳ್ಳು ನಡುವಿಗೆ ಬಂದರೆ ಕೂಲಂಟ್ ಕಾದಿದೆ ಅಂತ ಅರ್ಥ. ಚೇಂಬರ್‌ನಲ್ಲಿರುವ (ಇಂಜಿನ್ನಿನ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿ) ಆಯಿಲ್ ಕಾಯುವುದಕ್ಕೆ ಇನ್ನಷ್ಟು ಹೊತ್ತು ಬೇಕು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಆವಿಯಾಗಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಲ್ಲಿ ಹೋಗುತ್ತದೆ, ಸ್ವಲ್ಪ ಪಿಸ್ಟನ್ ರಿಂಗ್ ಸಂದಿಯಿಂದ ಕೆಳಗಿಳಿದು ಆಯಿಲ್ ಸೇರುತ್ತದೆ. ಆಯಿಲ್ ಚೆನ್ನಾಗಿ ಕಾದರೆ ಆ ನೀರು ಆರಿಹೋಗುತ್ತದೆ, ಕಾಯದಿದ್ದರೆ ಅಲ್ಲೇ ಉಳಿಯುತ್ತದೆ. ಆಯಿಲ್ ಹಾಕುವ ಮುಚ್ಚಳದ ಒಳಗೆ ಬೆಣ್ಣೆ ಬಣ್ಣದ ಲೋಳೆ ಕಂಡರೆ ಅದು ಇದೇ.

ಬಿಎಸ್-6 ಗಾಡಿಯಲ್ಲಿ ಇದಕ್ಕೆ ಡಿಪಿಎಫ್ ಕಾಟವೂ ಸೇರುತ್ತದೆ. ಫಿಲ್ಟರಿನಲ್ಲಿ ಹಿಡಿದ ಮಸಿಯನ್ನು ಸುಡಲು 600 ಡಿಗ್ರಿ ಹತ್ತಿರದ ಶಾಖ ಬೇಕು. ಅದಕ್ಕಾಗಿ ಅನೇಕ ಇಂಜಿನ್‌ಗಳು ಸಿಲಿಂಡರಿಗೆ ತಡವಾಗಿ ಇನ್ನೊಂದಿಷ್ಟು ಡೀಸೆಲ್ ಚಿಮ್ಮಿಸುತ್ತವೆ. ಅದರಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಗೆ ಅಂಟಿ ಚೇಂಬರಿಗೆ ಇಳಿಯುತ್ತದೆ. ಸುಡುವ ಕೆಲಸ ಅರ್ಧದಲ್ಲಿರುವಾಗ ನಾನು ಯಾರದೋ ಮನೆ ಮುಂದೆ ಕೀ ತಿರುಗಿಸಿದೆ ಅನ್ನಿ, ಮುಂದಿನ ಸಲ ಅದು ಮತ್ತೆ ಮೊದಲಿನಿಂದ ಶುರು. ಮತ್ತಷ್ಟು ಡೀಸೆಲ್. ನೀರಿನ ಹಾಗೆ ಇದು ಆರಿಹೋಗುವುದೂ ಇಲ್ಲ. ಡೀಸೆಲ್ ಕುದಿಯಲು ಶುರುವಾಗುವುದೇ 180 ಡಿಗ್ರಿ ಆಸುಪಾಸಿನಲ್ಲಿ, ಚೇಂಬರ್ ಅಷ್ಟು ಬಿಸಿಯಾಗುವುದಿಲ್ಲ. ಒಮ್ಮೆ ಆಯಿಲ್ ಸೇರಿದ ಡೀಸೆಲ್ಲನ್ನು ಆಯಿಲ್ ಜೊತೆಗೇ ಹೊರಗೆ ಬಿಡಬೇಕು.

ನನಗೆ ಸುಳಿವು ಕೊಟ್ಟದ್ದು ಗೇಜ್ ಕಡ್ಡಿ. ಹೊಸ ಆಯಿಲ್ ಹಾಕಿಸಿದಾಗ ಮೇಲಿನ ಗೀಟಿಗೆ ಸ್ವಲ್ಪ ಕೆಳಗೆ ಇದ್ದದ್ದು, ಕೆಲವು ತಿಂಗಳಲ್ಲಿ ಗೀಟು ದಾಟಿ ಮೇಲೆ ನಿಂತಿತ್ತು. ಆಯಿಲ್ ಕಡಿಮೆಯಾದರೆ ನಾವು ಹೆದರುತ್ತೇವೆ, ಜಾಸ್ತಿಯಾದರೆ "ಗಾಡಿ ಆಯಿಲ್ ಕುಡೀತಿಲ್ಲ" ಅಂತ ಖುಷಿ ಪಡುತ್ತೇವೆ. ಕಡ್ಡಿಯ ತುದಿಯಿಂದ ಒಂದು ಹನಿ ತೆಗೆದು ಎರಡು ಬೆರಳ ನಡುವೆ ತಿಕ್ಕಿದರೆ ಜಾರುವ ಮಂದ ಇಲ್ಲ, ತೆಳು. ಮೂಗಿಗೆ ಹಿಡಿದರೆ ಬಂಕಿನ ವಾಸನೆ. ಕಪ್ಪಾಗಿದ್ದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ, ಡೀಸೆಲ್ ಇಂಜಿನ್ ಆಯಿಲ್ ಬೇಗ ಕಪ್ಪಾಗುವುದು ಸಹಜ. ಕಾಫಿ ಫಿಲ್ಟರಿನ ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ರಾತ್ರಿಯೆಲ್ಲ ಇಟ್ಟೆ. ನಡುವೆ ಮಸಿಯ ವೃತ್ತ, ಅದರಾಚೆ ಬೆಳಕಿಗೆ ಹಿಡಿದರೆ ಹೊಳೆಯುವ ಎಣ್ಣೆ ಬಳೆ, ಅಗಲವಾಗಿ. ಹೊರಗಿನ ಬಳೆ ಹೀಗೆ ಅಗಲವಾಗಿ ಹರಡಿದರೆ ಡೀಸೆಲ್ ಬೆರೆತಿರಬಹುದು ಅಂತ ಅನುಮಾನ ಪಡಬೇಕು.

ಆಮೇಲೆ 5,000 ಕಿಲೋಮೀಟರ್ ಹೊತ್ತಿಗೆ ಚೇಂಜ್ ಮಾಡಿಸುವಾಗ ಒಂದು ಸಣ್ಣ ಬಾಟಲಿ ಆಯಿಲ್ ಹಿಡಿದು ಬೆಂಗಳೂರಿನ ಲ್ಯಾಬೊಂದಕ್ಕೆ ಕಳಿಸಿದೆ. ರಿಪೋರ್ಟ್ ಓದಿದ ಮೇಲೆ ನನ್ನ ಅನುಮಾನ ಹೋಯಿತು. ಆಸಿಡ್ ತಡೆಯುವ ಶಕ್ತಿ, ಅಂದರೆ ಟಿಬಿಎನ್, ಅರ್ಧಕ್ಕಿಂತ ಹೆಚ್ಚು ಉಳಿದಿತ್ತು. ಇದಕ್ಕೆ ಈಗಿನ ಡೀಸೆಲ್ ಸಹಾಯ ಮಾಡುತ್ತದೆ: 2020ರ ಏಪ್ರಿಲ್‌ನಲ್ಲಿ ಬಿಎಸ್-6 ಬಂದಾಗ ಗಂಧಕದ ಮಿತಿ 50 ಪಿಪಿಎಂನಿಂದ 10ಕ್ಕೆ ಇಳಿಯಿತು, ಆಸಿಡ್ ಹುಟ್ಟುವುದೇ ಕಡಿಮೆ. ಆದರೆ ನಾನು ಹಾಕುವ 5ಡಬ್ಲ್ಯು-30 ಆಯಿಲ್ 30 ಗ್ರೇಡ್ ಅನ್ನಿಸಿಕೊಳ್ಳಲು 100 ಡಿಗ್ರಿಯಲ್ಲಿ ಕನಿಷ್ಠ 9.3 ಸೆಂಟಿಸ್ಟೋಕ್ಸ್ (ಮಂದ ಅಳೆಯುವ ಮಾನ) ಇರಬೇಕು, ನನ್ನದು ಅದಕ್ಕಿಂತ ಕೆಳಗೆ ಹೋಗಿತ್ತು. ಕಾರಣ, ಡೀಸೆಲ್ ಬೆರಕೆ. ಗಟ್ಟಿ ಹಾಲಿಗೆ ನೀರು ಸುರಿದಮೇಲೆ ಹಾಲು ಯಾವ ಡೈರಿಯದ್ದಾದರೇನು? ಸಿಂಥೆಟಿಕ್ ಆಯಿಲ್ ಶಾಖಕ್ಕೆ ಬೇಗ ಹಾಳಾಗುವುದಿಲ್ಲ, ನಿಜ. ನನ್ನ ಲೈನ್‌ನಲ್ಲಿ ಆಯಿಲ್ ಶಾಖಕ್ಕೆ ಹಾಳಾಗುತ್ತಲೇ ಇಲ್ಲ. ಅಂಗಡಿಯವರು "15 ಸಾವಿರ ಕಣ್ಣು ಮುಚ್ಚಿ ಓಡಿಸಿ ಸಾರ್" ಅನ್ನುವುದು ಹೈವೇ ಗಾಡಿಗೆ ಒಪ್ಪೀತು.

ಹಾಗಾಗಿ ಆಯಿಲ್ ಬ್ರ್ಯಾಂಡ್ ಬದಲಿಸುವ ಬದಲು ಓಡಿಸುವ ರೀತಿ ಬದಲಿಸಿದೆ. ಅಪಾರ್ಟ್‌ಮೆಂಟ್, ಹಾಸ್ಟೆಲ್ ಮುಂದೆ ಹೆಚ್ಚು ಹೊತ್ತು ನಿಲ್ಲುವ ಕಡೆ ಇಂಜಿನ್ ಆಫ್. ಆದರೆ ಐಡ್ಲಿಂಗ್ ಇದ್ದಕ್ಕಿದ್ದಂತೆ ಏರಿ, ಸೈಲೆನ್ಸರ್ ಕಡೆಯಿಂದ ಸುಟ್ಟ ವಾಸನೆ ಬರುತ್ತಿದ್ದರೆ ಡಿಪಿಎಫ್ ಸುಡುತ್ತಿದೆ ಅಂತ ಅರ್ಥ. ಆಗ ಮಾತ್ರ ಆಫ್ ಮಾಡಬೇಡ, ರಿಂಗ್ ರೋಡಿಗೆ ಹತ್ತಿಸಿ ಹದಿನೈದು ಇಪ್ಪತ್ತು ನಿಮಿಷ ಓಡಿಸಿಕೊಂಡು ಬಾ ಅಂತ ಹುಡುಗನಿಗೆ ಹೇಳಿಕೊಟ್ಟಿದ್ದೇನೆ. ನಂಜನಗೂಡು ಕಡೆಯ ಒಂದು ಫ್ಯಾಕ್ಟರಿಯ ಆರ್ಡರ್ ಮೊದಲು ದೂರ ಅಂತ ಬಿಟ್ಟಿದ್ದೆ, ಈಗ ಕೇಳಿ ತೆಗೆದುಕೊಂಡಿದ್ದೇನೆ. ವಾರಕ್ಕೊಮ್ಮೆ ಲೋಡ್ ಹೊತ್ತು ಅಲ್ಲಿಗೆ ಹೋಗಿ ಬಂದರೆ ಆಯಿಲ್ ಪೂರ್ತಿ ಕಾಯುತ್ತದೆ, ಡಿಪಿಎಫ್ ಕೂಡ ತನ್ನ ಕೆಲಸ ಮುಗಿಸಿಕೊಳ್ಳುತ್ತದೆ. ಲಾಭ ಕಡಿಮೆ, ಆದರೂ ಆ ಟ್ರಿಪ್ ಬಿಡುವುದಿಲ್ಲ. ಮುಂದಿನ ಸ್ಯಾಂಪಲ್ ರಿಪೋರ್ಟಿನಲ್ಲಿ ಆಯಿಲ್ ಗ್ರೇಡಿನೊಳಗೇ ಇತ್ತು. ಈಗ ನನ್ನ ಲೆಕ್ಕ 300 ಗಂಟೆ ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಕಿಲೋಮೀಟರಿನಲ್ಲಿ ಅದು ಸುಮಾರು 4,500 ಆಗುತ್ತದೆ. ನಡುವೆ ಕಡ್ಡಿಯಲ್ಲಿ ಮಟ್ಟ ಮೇಲಿನ ಗೀಟು ದಾಟಿದರೆ ಗಂಟೆಗೂ ಕಾಯುವುದಿಲ್ಲ.

ಹಾಗಾದರೆ ದುಬಾರಿ ಆಯಿಲ್ ಯಾಕೆ? ಡಿಪಿಎಫ್‌ಗಾಗಿ. ಮಸಿ ಸುಟ್ಟುಹೋಗುತ್ತದೆ, ಆದರೆ ಆಯಿಲ್ ಉರಿದು ಉಳಿಯುವ ಬೂದಿ ಸುಡುವುದಿಲ್ಲ, ಫಿಲ್ಟರಿನಲ್ಲೇ ಕೂರುತ್ತದೆ. ನನ್ನ ಗಾಡಿಯ ಮ್ಯಾನ್ಯುವಲ್ ಕೇಳುವುದು ಬೂದಿ ಕಡಿಮೆ ಇರುವ ಎಸಿಇಎ (ಯುರೋಪಿನ ವಾಹನ ತಯಾರಕರ ಸಂಘ) ಸಿ3 ದರ್ಜೆಯ 5ಡಬ್ಲ್ಯು-30. ಅಂಗಡಿಗಳಲ್ಲಿ ಅದು ಸಿಗುವುದು ಸಿಂಥೆಟಿಕ್‌ನಲ್ಲೇ. ಶೆಡ್ಡಿನ ಡ್ರಮ್ಮಿನಿಂದ ಸುರಿಯುವ ಹಳೇ ದರ್ಜೆಯ 15ಡಬ್ಲ್ಯು-40 ಇದಕ್ಕೆ ಬೇಡವೇ ಬೇಡ. ಟರ್ಬೊ ಬೇರಿಂಗಿನ ಶಾಖಕ್ಕೂ ಸಿಂಥೆಟಿಕ್ ಒಳ್ಳೆಯದು. ಚಳಿಯಲ್ಲಿ ಬೇಗ ಹರಿಯುತ್ತದೆ ಅಂತ ಹೊರದೇಶದವರು ಹೊಗಳುವುದು ಮೈನಸ್ 20 ಡಿಗ್ರಿಯ ಊರುಗಳಿಗೆ ಸರಿ. ಮೈಸೂರಿನ ಡಿಸೆಂಬರಿನಲ್ಲಿ ಅದಕ್ಕೆ ಕಾಸು ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ನನ್ನ ಹತ್ತಿರ ಹಳೆಯದೊಂದು ಟಾಟಾ ಏಸ್ ಕೂಡ ಇದೆ, ಎರಡು ಸಿಲಿಂಡರಿನ ಡೀಸೆಲ್. ಟರ್ಬೊ ಇಲ್ಲ, ಡಿಪಿಎಫ್ ಇಲ್ಲ. ಅದಕ್ಕೆ ಮಾಮೂಲಿ ಮಿನರಲ್ 15ಡಬ್ಲ್ಯು-40 ಹಾಕಿ ಗಂಟೆ ಲೆಕ್ಕದಲ್ಲಿ ಬೇಗ ಬೇಗ ಬದಲಿಸುತ್ತೇನೆ. ಅದಕ್ಕೆ ಸಿಂಥೆಟಿಕ್ ಹಾಕುವ ದುಡ್ಡಿನಲ್ಲಿ ಒಂದು ಚೇಂಜ್ ಹೆಚ್ಚಿಗೆ ಮಾಡಿಸುವುದು ಮೇಲು.

ಚೇಂಜ್ ಮಾಡಿಸುವ ದಿನ ಲೈನ್ ಮುಗಿಸಿ, ಇಂಜಿನ್ ಬಿಸಿ ಇರುವಾಗಲೇ ಶೆಡ್ಡಿಗೆ ಹೋಗುತ್ತೇನೆ, ಕೆಳಗೆ ಕೂತ ಮಸಿಯೂ ಇಳಿಯಲಿ ಅಂತ. ಫಿಲ್ಟರ್ ಪ್ರತಿ ಸಲ ಹೊಸದು, ಡ್ರೈನ್ ಬೋಲ್ಟಿನ ವಾಷರ್ ಕೂಡ. ಖಾಲಿ ಡಬ್ಬಿಗೆ ಅಲ್ಲೇ ಸ್ಕ್ರೂಡ್ರೈವರಿನಿಂದ ತೂತು ಹೊಡೆಯುತ್ತೇನೆ. ಒಳ್ಳೆ ಕಂಪನಿಯ ಖಾಲಿ ಡಬ್ಬಿಗೆ ನಕಲಿ ಆಯಿಲ್ ತುಂಬಿ ಮಾರುವವರಿದ್ದಾರೆ. ಹಳೇ ಆಯಿಲನ್ನು ಸೆಂಟ್ರಿಂಗ್ ಹಲಗೆಗೆ ಹಚ್ಚಲು ಕೇಳಿಕೊಂಡು ಬರುತ್ತಾರೆ, ಕೊಡುವುದಿಲ್ಲ. ಅದು ಅಪಾಯಕಾರಿ ತ್ಯಾಜ್ಯದ ಪಟ್ಟಿಯಲ್ಲಿದೆ, ಲೈಸೆನ್ಸ್ ಇರುವ ರೀಸೈಕ್ಲರ್‌ಗೆ ಹಾಕುವ ಶೆಡ್ಡಿನಲ್ಲೇ ಬಿಡುತ್ತೇನೆ. ಬಿಲ್ಲಿನ ಮೇಲೆ ಕಿಲೋಮೀಟರ್ ಜೊತೆ ಗಂಟೆಯನ್ನೂ ಬರೆಸಿಕೊಳ್ಳುತ್ತೇನೆ. ಮೆಕ್ಯಾನಿಕ್ ಭಾಯ್ ಮೊದಮೊದಲು ನಗುತ್ತಿದ್ದರು, ಈಗ ಕೇಳದೇ ಬರೆಯುತ್ತಾರೆ.

ಈ ಲೈನ್‌ಗೆ ಮುಂದೆ ಗಾಡಿ ತೆಗೆದುಕೊಂಡರೆ ಡೀಸೆಲ್ ಬೇಡ ಅಂತ ತೀರ್ಮಾನ ಮಾಡಿದ್ದೇನೆ. ದಿನಕ್ಕೆ 30 ಕಿಲೋಮೀಟರಿಗೆ ಸಿಎನ್‌ಜಿ ಅಥವಾ ಎಲೆಕ್ಟ್ರಿಕ್ ನೋಡಬೇಕು. ಡೀಸೆಲ್ ಗಾಡಿ ನಂಜನಗೂಡು ಲೈನ್‌ಗೆ ಇರಲಿ.