ಐದು ರ‍್ಯಾಮ್ ಸ್ಟಿಕ್ ಹೋದ ಮೇಲೆ ಸಿಕ್ಕಿಬಿದ್ದ ಕಳ್ಳ

ಹೆಚ್ಚುಕಮ್ಮಿ ಹದಿನಾಲ್ಕು ತಿಂಗಳಾಯಿತು, ನನ್ನ ಡೆಸ್ಕ್‌ಟಾಪ್ ಒಂದು ಸಲವೂ ಕ್ರ್ಯಾಶ್ ಆಗಿ ನೀಲಿ ಪರದೆ ತೋರಿಸಿಲ್ಲ. ಅದಕ್ಕೂ ಹಿಂದಿನ ಎರಡು ವರ್ಷದಲ್ಲಿ ಇದೇ ಮೆಷಿನ್ ಐದು ರ‍್ಯಾಮ್ ಸ್ಟಿಕ್ ನುಂಗಿತ್ತು. ರಿಪೇರಿ ಬಲ್ಲವರೆಲ್ಲ ಒಂದೇ ಮಾತು ಹೇಳಿದರು: "ಮದರ್‌ಬೋರ್ಡ್ ಹೋಗಿದೆ, ಬದಲಾಯಿಸು." ನಾನು ಬದಲಾಯಿಸಲಿಲ್ಲ. ಇವತ್ತಿಗೂ ಅದೇ ಬೋರ್ಡ್ ಓಡುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಡಿಡಿಆರ್4, 8 ಜಿಬಿಯ ಎರಡು ಸ್ಟಿಕ್, ಎಕ್ಸ್‌ಎಂಪಿ (ರ‍್ಯಾಮ್ ವೇಗ ಏರಿಸುವ ಸೆಟ್ಟಿಂಗ್) ಹಾಕಿ 3200ರ ವೇಗದಲ್ಲಿ ಓಡಿಸುತ್ತಿದ್ದೆ. ಮೊದಲ ಸ್ಟಿಕ್ ಹೋದಾಗ ವಾರಂಟಿಯಲ್ಲಿ ಬದಲಿ ಕೊಟ್ಟರು. ಎರಡನೆಯದಕ್ಕೂ ಕೊಟ್ಟರು. ಮೂರನೆಯ ಸಲ "ನೀವೇ ಏನೋ ಮಾಡುತ್ತಿದ್ದೀರಿ" ಎಂದು ವಾಪಸ್ ಕಳಿಸಿದರು. ಆಗ ವಿಪರೀತ ಸಿಟ್ಟು ಬಂದಿತ್ತು. ಆಮೇಲಿನ ಎರಡನ್ನು ಕೈಯಿಂದ ದುಡ್ಡು ಹಾಕಿಯೇ ತಂದೆ. ನಡುವೆ ಒಂದು ಯುಪಿಎಸ್, ಒಂದು ಎಸ್‌ಎಂಪಿಎಸ್ (ಮೆಷಿನ್‌ಗೆ ಕರೆಂಟ್ ಕೊಡುವ ಪವರ್ ಸಪ್ಲೈ) ಕೂಡ ಕೊಂಡೆ. ಒಟ್ಟು ಖರ್ಚು ಕೂಡಿದರೆ ಹೊಸ ಬೋರ್ಡೂ ಪ್ರೊಸೆಸರೂ ಬಂದು ಇನ್ನೂ ಸ್ವಲ್ಪ ಉಳಿಯುತ್ತಿತ್ತು. ಆದರೆ ಹೊಸ ಬೋರ್ಡ್ ತಂದಿದ್ದರೆ ಅದರಲ್ಲೂ ಸ್ಟಿಕ್ ಸಾಯುತ್ತಿತ್ತು, ಇದನ್ನು ನಾನು ಗಟ್ಟಿಯಾಗಿ ಹೇಳಬಲ್ಲೆ.

ಐದನೆಯದು ಹೋದ ರಾತ್ರಿ ಒಂದು ನೋಟ್‌ಬುಕ್ ಇಟ್ಟೆ. ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ್ದನ್ನೆಲ್ಲ ಬರೆಯುವುದು. ಒಂದೇ ಸ್ಟಿಕ್, ಪ್ರೊಸೆಸರ್ ಕಡೆಯಿಂದ ಎರಡನೇ ಸ್ಲಾಟ್, ಎಕ್ಸ್‌ಎಂಪಿ ತೆಗೆದು 2133, ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ನಾಲ್ಕು ಪಾಸ್. ರಾತ್ರಿ ಹಚ್ಚಿ ಮಲಗಿದರೆ ಬೆಳಗ್ಗೆ ಉತ್ತರ ಸಿಗುತ್ತದೆ. ಎರರ್ ಸ್ಟಿಕ್ ಜೊತೆ ಓಡಾಡಿದರೆ ತಪ್ಪು ಸ್ಟಿಕ್‌ನದು, ಸ್ಲಾಟ್‌ನಲ್ಲೇ ಕೂತರೆ ತಪ್ಪು ಬೇರೆ ಕಡೆ. ಇದು ನಿಮಗೆಲ್ಲ ಗೊತ್ತಿರುವುದೇ. ಆದರೆ ಎರಡು ವರ್ಷ ನಾನು ಇಷ್ಟನ್ನೂ ತಾಳ್ಮೆಯಿಂದ ಮಾಡಿರಲಿಲ್ಲ, ಸ್ಟಿಕ್ ಬದಲಿಸಿ ಬೂಟ್ ಆದರೆ ಮುಗಿಯಿತು ಅಂದುಕೊಳ್ಳುತ್ತಿದ್ದೆ.

ಆರನೆಯ ರಾತ್ರಿಯ ಹೊತ್ತಿಗೆ ಗೊತ್ತಾದದ್ದು ಇಷ್ಟು: 'ಸತ್ತಿವೆ' ಎಂದು ಡ್ರಾಯರ್‌ಗೆ ಹಾಕಿದ್ದ ಮೂರರಲ್ಲಿ ಎರಡು ಸ್ಟಿಕ್ ಚೆನ್ನಾಗಿಯೇ ಇದ್ದವು. ಗೆಳೆಯನ ಮೆಷಿನ್‌ಗೆ ಹಾಕಿದೆ, ಒಂದೂ ಎರರ್ ಇಲ್ಲ. ನನ್ನದರಲ್ಲಿ ಬಿ ಚಾನೆಲ್‌ಗೆ (ಪ್ರೊಸೆಸರ್‌ನಿಂದ ರ‍್ಯಾಮ್‌ಗೆ ಇರುವ ಎರಡು ದಾರಿಗಳಲ್ಲಿ ಒಂದು) ಯಾವ ಸ್ಟಿಕ್ ಹಾಕಿದರೂ ಡಿರ‍್ಯಾಮ್ ಲೈಟ್ (ಮೆಮೊರಿ ತೊಂದರೆಯ ಸೂಚನೆ) ಹತ್ತಿಕೊಂಡು ನಿಲ್ಲುತ್ತಿತ್ತು. ಪ್ರೊಸೆಸರ್ ತೆಗೆದು ಟಾರ್ಚ್ ಹಾಕಿ ಸಾಕೆಟ್ ನೋಡಿದೆ. ಪಿನ್ ಬಗ್ಗಿರಲಿಲ್ಲ. ತಪ್ಪು ಪ್ರೊಸೆಸರ್ ತಣಿಸುವ ಕೂಲರ್‌ನಲ್ಲಿತ್ತು. ಅದರಡಿಯ ಪೇಸ್ಟ್ ಬದಲಿಸುವಾಗ ಒಂದು ಮೂಲೆಯ ಸ್ಕ್ರೂ ಮಾತ್ರ ಅತಿಯಾಗಿ ಬಿಗಿದುಬಿಟ್ಟಿದ್ದೆ. ಮೆಮೊರಿ ಕಂಟ್ರೋಲರ್ ಇರುವುದು ಪ್ರೊಸೆಸರ್ ಒಳಗೇ ಅಲ್ಲವೇ, ಒತ್ತಡ ಒಂದೇ ಕಡೆ ಬಿದ್ದರೆ ಇನ್ನೊಂದು ಕಡೆಯ ಪಿನ್‌ಗಳು ಸರಿಯಾಗಿ ತಾಗುವುದಿಲ್ಲ. ನಾಲ್ಕೂ ಸ್ಕ್ರೂ ಸಡಿಲಿಸಿ, ಮೂಲೆಯಿಂದ ಎದುರು ಮೂಲೆಗೆ ಅರ್ಧರ್ಧ ಸುತ್ತು ತಿರುಗಿಸುತ್ತ ಬಿಗಿದೆ. ಬಿ ಚಾನೆಲ್ ಎದ್ದು ಕೂತಿತು.

ಹಾಗಾದರೆ ನಿಜವಾಗಿ ಸತ್ತವು ಮೂರು: ವಾರಂಟಿಗೆ ಕೊಟ್ಟ ಎರಡು, ಡ್ರಾಯರ್‌ನಲ್ಲಿ ಉಳಿದ ಒಂದು. ಅವು ಯಾಕೆ ಸತ್ತವು?

ಬರಿಗಾಲಲ್ಲಿ ನಿಂತು ಕ್ಯಾಬಿನೆಟ್‌ನ ಹಿಂದುಗಡೆ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಮೊದಲಿನಿಂದಲೂ ಇತ್ತು, ಯಾರೂ ತಲೆಕೆಡಿಸಿಕೊಂಡಿರಲಿಲ್ಲ. ಎಲೆಕ್ಟ್ರಿಷಿಯನ್‌ನ ಕರೆಸಿದೆ. ಮಲ್ಟಿಮೀಟರ್ ಇಟ್ಟು, "ನೋಡಿ ಸಾರ್, ಫೇಸ್‌ಗೂ ಅರ್ಥ್‌ಗೂ 225 ತೋರಿಸ್ತಿದೆ, ಅರ್ಥಿಂಗ್ ಪರ್ಫೆಕ್ಟ್" ಅಂದರು. ಎರಡನೆಯವರನ್ನು ಕರೆಸಿದೆ, ಅವರೂ ಅದೇ ಅಂದರು. ನಾನು ಒಪ್ಪಲಿಲ್ಲ. ಡಿಜಿಟಲ್ ಮೀಟರ್‌ನ ಒಳರೋಧ ಸುಮಾರು 10 ಮೆಗಾಓಮ್. ಅರ್ಥ್ ತಂತಿ ಕೂದಲೆಳೆಯಷ್ಟು ತಾಗಿದ್ದರೂ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸುತ್ತದೆ, ಯಾಕೆಂದರೆ ಅದು ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಮ್ಮಿ. ಕರೆಂಟ್ ಎಳೆಯುವ ಭಾರ ಹೊರಿಸದೆ ಅರ್ಥಿಂಗ್ ಪರೀಕ್ಷೆ ಆಗುವುದಿಲ್ಲ.

"ಟೆಸ್ಟ್ ಲ್ಯಾಂಪ್ ಹಾಕಿ ನೋಡೋಣ" ಎಂದು ಹಟ ಹಿಡಿದೆ. 60 ವ್ಯಾಟ್‌ನ ಹಳೇ ತಂತಿ ಬಲ್ಬು. ಫೇಸ್‌ಗೂ ನ್ಯೂಟ್ರಲ್‌ಗೂ ಹಾಕಿದಾಗ ಜಗ್ಗನೆ ಉರಿಯಿತು. ಅದೇ ಸಾಕೆಟ್‌ನ ಅರ್ಥ್‌ಗೆ ಹಾಕಿದರೆ ತಂತಿ ಮಂಕಾಗಿ ಕೆಂಪಗಾಗಿ ಅಷ್ಟಕ್ಕೇ ನಿಂತಿತು. ಇಬ್ಬರೂ ಮಾತಾಡಲಿಲ್ಲ. ಈ ಪರೀಕ್ಷೆಯನ್ನು ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ, ಆ ಲೈನ್‌ನಲ್ಲಿರುವ ಎಲ್ಲ ಪ್ಲಗ್ ಕಿತ್ತ ಮೇಲೆ ಮಾಡಿಸಿ. ಅರ್ಥ್ ತುಂಡಾಗಿದ್ದರೆ ಬಲ್ಬಿನ ಕರೆಂಟು ಬೇರೆ ಉಪಕರಣಗಳ ಮೈಗೆ ಬರುತ್ತದೆ. ಆರ್‌ಸಿಸಿಬಿ (ಲೀಕೇಜ್ ಕಂಡರೆ ಕರೆಂಟ್ ಕಡಿಯುವ ಸ್ವಿಚ್) ಇದ್ದು ಅರ್ಥ್ ಸರಿಯಿದ್ದರೆ ಬಲ್ಬ್ ತಾಗಿಸಿದ ಕೂಡಲೇ ಟ್ರಿಪ್ ಆಗುತ್ತದೆ, ಆದರೆ ಅರೆಬರೆ ಅರ್ಥ್‌ಗೂ ಟ್ರಿಪ್ ಆಗಬಹುದು, ಅದೊಂದನ್ನೇ ನಂಬಬೇಡಿ.

ಸಾಕೆಟ್ ಬಿಚ್ಚಿದರೆ ಅರ್ಥ್ ಸ್ಕ್ರೂ ಹಸಿರು ತುಕ್ಕು ಹಿಡಿದು, ತಂತಿಯ ಒಂದೆರಡು ಎಳೆ ಮಾತ್ರ ತಾಗಿಕೊಂಡಿತ್ತು. ನನ್ನ ಎಕ್ಸ್‌ಟೆನ್ಷನ್ ಬೋರ್ಡ್ ಒಳಗೆ ಅರ್ಥ್ ತಂತಿ ಪೂರ್ತಿಯೇ ಕಳಚಿತ್ತು. ಅದನ್ನೇ ಹಾಕಿ ಕ್ಯಾಬಿನೆಟ್‌ನಿಂದ ಸರಿಯಾದ ಅರ್ಥ್‌ಗೆ ಅಳೆದಾಗ 110 ವೋಲ್ಟ್‌ನ ಆಸುಪಾಸು ಬಂತು. ಎಸ್‌ಎಂಪಿಎಸ್‌ನ ಫಿಲ್ಟರ್‌ನಲ್ಲಿ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಕ್ಯಾಬಿನೆಟ್ಟಿನ ಲೋಹದ ಮೈಗೆ ಒಂದೊಂದು ವೈ ಕೆಪಾಸಿಟರ್ (ಗದ್ದಲ ಸೋಸುವ ಚಿಕ್ಕ ಭಾಗ) ಇರುತ್ತದೆ. ಅರ್ಥ್ ಇಲ್ಲದಿದ್ದರೆ ಮೈ ನಟ್ಟನಡುವೆ, ಅರ್ಧ ವೋಲ್ಟೇಜ್‌ಗೆ ಬಂದು ನಿಲ್ಲುತ್ತದೆ.

ಇನ್ನು ಮುಖ್ಯ ಮಾತು. ಸ್ಟ್ಯಾಟಿಕ್ (ಮೈಯಲ್ಲಿ ಕೂಡುವ ಸ್ಥಿರ ವಿದ್ಯುತ್) ಬರಬಾರದು ಎಂದು ನಾವೆಲ್ಲ ಕಲಿತಿರುವ ಉಪಾಯ ಏನು? ಎಸ್‌ಎಂಪಿಎಸ್ ಸ್ವಿಚ್ ಆಫ್ ಮಾಡಿ, ಪ್ಲಗ್ ಮಾತ್ರ ಗೋಡೆಯಲ್ಲಿ ಬಿಟ್ಟು ಕೆಲಸ ಮಾಡುವುದು. ನಾನೂ ಹಾಗೇ ಮಾಡುತ್ತಿದ್ದೆ. ಎಷ್ಟೋ ಎಸ್‌ಎಂಪಿಎಸ್‌ಗಳಲ್ಲಿ ಆ ಕೆಪಾಸಿಟರ್‌ಗಳು ಸ್ವಿಚ್‌ಗಿಂತ ಮುಂಚೆಯೇ ಇರುತ್ತವೆ. ಬೋರ್ಡ್ 110ರಲ್ಲಿ ತೇಲುತ್ತಿದೆ, ನಾನು ಬರಿಗಾಲಲ್ಲಿ ನೆಲದ ಮೇಲೆ ನಿಂತಿದ್ದೇನೆ, ನಡುವೆ ನನ್ನ ಬೆರಳಲ್ಲಿ ರ‍್ಯಾಮ್ ಸ್ಟಿಕ್. ಆ ಲೀಕೇಜ್ ಮನುಷ್ಯನಿಗೆ ಬರೀ ಜುಮ್ಮೆನ್ನುತ್ತದೆ, 1.2 ವೋಲ್ಟ್‌ನ ಚಿಪ್ಪಿಗೆ ಅದು ಸಿಡಿಲು. ಸತ್ತ ಮೂರೂ ಸ್ಟಿಕ್ ನಾನು ಕ್ಲೀನ್ ಮಾಡಿ ಮತ್ತೆ ಹಾಕಿದ ಮೇಲೆ, ಒಂದೆರಡು ವಾರದೊಳಗೇ ಹೋಗಿದ್ದವು. ಅರ್ಥಿಂಗ್ ಸರಿಮಾಡಿಸಿದ ಮೇಲೆ, ಪ್ಲಗ್ ಪೂರ್ತಿ ಕಿತ್ತು, ಪವರ್ ಬಟನ್ ಒತ್ತಿ ಚಾರ್ಜ್ ಇಳಿಸಿ, ಸ್ಟ್ಯಾಟಿಕ್ ಇಳಿಸುವ ಮಣಿಕಟ್ಟಿನ ಪಟ್ಟಿ ಕಟ್ಟಿಕೊಂಡು ಇಪ್ಪತ್ತು ಸಲವಾದರೂ ಸ್ಟಿಕ್ ತೆಗೆದು ಹಾಕಿದ್ದೇನೆ. ಒಂದೂ ಹೋಗಿಲ್ಲ.

ಎಸ್‌ಎಂಪಿಎಸ್ ವಿಷಯ ಬೇರೆಯದು. ಗೇಮ್ ಓಡುವಾಗ 12 ವೋಲ್ಟ್ ಲೈನ್ 11.3ಕ್ಕೆ ಇಳಿಯುತ್ತಿತ್ತು. ಹಳೇ ಎಟಿಎಕ್ಸ್ (ಪಿಸಿ ಪವರ್ ಸಪ್ಲೈಗಳ ಮಾನದಂಡ) ಪ್ರಕಾರ 11.4ಕ್ಕಿಂತ ಇಳಿಯಬಾರದು. ಹೊಸದು ಹಾಕಿದ ಮೇಲೆ ತಟ್ಟನೆ ರೀಸ್ಟಾರ್ಟ್ ಆಗುವುದು ನಿಂತಿತು. ಹೊಸದಕ್ಕೆ ಆಕ್ಟಿವ್ ಪಿಎಫ್‌ಸಿ (ಕರೆಂಟನ್ನು ನಯವಾಗಿ ಎಳೆಯುವ ಸರ್ಕ್ಯೂಟ್) ಇತ್ತು, ನಾನು ಮೊದಲೇ ಕೊಂಡಿದ್ದ ಯುಪಿಎಸ್ ಚೌಕಾಕಾರದ ಅಲೆ ಕೊಡುವಂಥದ್ದು, ಎರಡೂ ಹೊಂದಲಿಲ್ಲ. ಕರೆಂಟ್ ಹೋದ ಕೂಡಲೇ ಮೆಷಿನ್ ಆಫ್. ಯುಪಿಎಸ್ ದುಡ್ಡು ದಂಡ.

ಇದರ ನಡುವೆ ಹೇರ್ ಡ್ರೈಯರ್‌ನಿಂದ ರ‍್ಯಾಮ್ ಬಿಸಿಮಾಡಿಯೂ ನೋಡಿದೆ. ಒಂದು ಸ್ಟಿಕ್ 3200ರಲ್ಲಿ ತಣ್ಣಗಿದ್ದಾಗ ಪಾಸ್, 55 ಡಿಗ್ರಿ ದಾಟಿದರೆ ಫೇಲ್. ಅದನ್ನೇ 2933ಕ್ಕೆ ಇಳಿಸಿದೆ, ಎಷ್ಟು ಕಾಯಿಸಿದರೂ ಎರರ್ ಬರಲಿಲ್ಲ. ಬೇಸಿಗೆಯ ಮಧ್ಯಾಹ್ನ ಮಾತ್ರ ಮೆಷಿನ್ ಹ್ಯಾಂಗ್ ಆಗುತ್ತದೆ ಅನ್ನುವವರು ಇದನ್ನು ಒಮ್ಮೆ ಮಾಡಿ ನೋಡಬೇಕು.

ಡ್ರಾಯರ್‌ನಿಂದ ಎದ್ದು ಬಂದ ಆ ಎರಡು ಸ್ಟಿಕ್‌ಗಳೇ ಈಗ ಮೆಷಿನ್‌ನಲ್ಲಿವೆ. ಒಂದು 2933ರಲ್ಲಿ ಇರಬೇಕಾದ್ದರಿಂದ ಇನ್ನೊಂದನ್ನೂ ಅದಕ್ಕೇ ಕಟ್ಟಿದ್ದೇನೆ. "ಮದರ್‌ಬೋರ್ಡ್ ಬದಲಾಯಿಸು" ಅಂದವರಲ್ಲಿ ಒಬ್ಬರು ಹೋದ ತಿಂಗಳು ಬಂದು, ತಮ್ಮ ಕ್ಯಾಬಿನೆಟ್ಟೂ ಜುಮ್ಮೆನ್ನುತ್ತದೆ, ಆ ಬಲ್ಬನ್ನು ಕೊಡು ಎಂದು ಕೇಳಿ ತೆಗೆದುಕೊಂಡು ಹೋದರು.