ಬ್ರಿಟಿಷ್ ಪೌರತ್ವ: ಫಾರ್ಮ್ ಸುಲಭ, ತಾರೀಖಿನ ಲೆಕ್ಕ ಕಷ್ಟ

2018ರ ನವೆಂಬರ್‌ನಲ್ಲಿ ಕೆಲಸದ ವೀಸಾ ಮೇಲೆ ಮೈಸೂರಿನಿಂದ ಇಂಗ್ಲೆಂಡಿನ ರೆಡಿಂಗ್‌ಗೆ ಬಂದೆ. ಐದು ವರ್ಷಕ್ಕೆ ಐಎಲ್‌ಆರ್, ಅಂದರೆ ಕಾಲಮಿತಿ ಇಲ್ಲದೆ ಇಲ್ಲೇ ನೆಲೆಸುವ ಅನುಮತಿ, ಸಿಕ್ಕಿತು. 2025ರ ಮೇ ತಿಂಗಳಲ್ಲಿ ಪೌರತ್ವ ಬಂತು. ಲಾಯರ್ ಇಟ್ಟುಕೊಳ್ಳಲಿಲ್ಲ, ಮಗಳದ್ದೂ ನನ್ನದೂ ಎರಡೂ ಅರ್ಜಿ ನಾನೇ ತುಂಬಿದೆ.

ಮೊದಲು ಮಗಳ ವಿಷಯ. ಅವಳು 2020ರಲ್ಲಿ ಇಲ್ಲೇ ಹುಟ್ಟಿದ್ದು. ಇಲ್ಲಿ ಹುಟ್ಟಿದ ಮೇಲೆ ಬ್ರಿಟಿಷ್ ಅಲ್ವಾ ಅಂತ ಊರಲ್ಲಿ ಎಲ್ಲರೂ ಕೇಳುತ್ತಿದ್ದರು. ಅಲ್ಲ. 1983ರಿಂದ ಈಚೆಗೆ ಇಲ್ಲಿ ಹುಟ್ಟಿದರೆ ಸಾಲದು, ಹುಟ್ಟುವ ಹೊತ್ತಿಗೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಬ್ರಿಟಿಷ್ ಆಗಿರಬೇಕು ಅಥವಾ ಅವರಿಗೆ ಐಎಲ್‌ಆರ್ ಇರಬೇಕು. ಆಗ ನಾವಿಬ್ಬರೂ ವೀಸಾ ಮೇಲಿದ್ದೆವು. ಹಾಗಾಗಿ ಅವಳಿಗೂ ಭಾರತೀಯ ಪಾಸ್‌ಪೋರ್ಟ್, ಡಿಪೆಂಡೆಂಟ್ ವೀಸಾ.

ನಮಗೆ ಐಎಲ್‌ಆರ್ ಬರುವ ಹೊತ್ತಿಗೆ ಪರಿಚಯದವರೊಬ್ಬರು ಮಗಳಿಗೂ ಐಎಲ್‌ಆರ್ ಹಾಕಿ ಅಂದರು. ಆಗ ಅದರ ಫೀ 2,885 ಪೌಂಡ್. ಇಲ್ಲಿ ಹುಟ್ಟಿದ ಮಗುವಿಗೆ ಅದು ಬೇಕಾಗಿಯೇ ಇಲ್ಲ! ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಐಎಲ್‌ಆರ್ ಸಿಕ್ಕ ಕೂಡಲೇ ಎಂಎನ್1 ಫಾರ್ಮ್‌ನಲ್ಲಿ ನೇರವಾಗಿ ಪೌರತ್ವಕ್ಕೇ ಅರ್ಜಿ ಹಾಕಬಹುದು. 1981ರ ಬ್ರಿಟಿಷ್ ರಾಷ್ಟ್ರೀಯತಾ ಕಾಯ್ದೆಯ ಸೆಕ್ಷನ್ 1(3) ಇರುವುದೇ ಇದಕ್ಕೆ. ಆಗ ಫೀ 1,214 ಪೌಂಡ್ ಇತ್ತು. ಸುಮ್ನೆ ಎರಡೂವರೆ ಸಾವಿರಕ್ಕಿಂತ ಜಾಸ್ತಿ ಕಳೆದುಕೊಳ್ಳುವವರನ್ನು ನೋಡಿ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ಆದರೆ ಭಾರತದಲ್ಲಿ ಹುಟ್ಟಿ ಜೊತೆಗೆ ಬಂದ ಮಕ್ಕಳಿಗೆ ಈ ದಾರಿ ಇಲ್ಲ, ಅವರ ಸೆಕ್ಷನ್ ಬೇರೆ, ಅವರಿಗೆ ಸಾಮಾನ್ಯವಾಗಿ ಐಎಲ್‌ಆರ್ ಬೇಕೇ ಬೇಕು.

ಮಗಳಿಗೆ ಕೊಟ್ಟಿದ್ದು ಅಪ್ಪ ಅಮ್ಮನ ಹೆಸರಿರುವ ಪೂರ್ತಿ ಜನನ ಪತ್ರ, ನಮ್ಮ ಮದುವೆ ಸರ್ಟಿಫಿಕೇಟ್, ನಮ್ಮ ಐಎಲ್‌ಆರ್ ದಾಖಲೆ. ಚಿಕ್ಕ ಜನನ ಪತ್ರದಲ್ಲಿ ಹೆತ್ತವರ ಹೆಸರೇ ಇರುವುದಿಲ್ಲ, ಅದನ್ನು ಕಳಿಸಬೇಡಿ. ಇಬ್ಬರು ರೆಫರಿ, ಅಂದರೆ ಅರ್ಜಿದಾರರನ್ನು ಬಲ್ಲೆವು ಅಂತ ಸಹಿ ಹಾಕುವವರು, ಬೇಕು. ಒಬ್ಬರು ಮಗುವನ್ನು ತಮ್ಮ ಕೆಲಸದಲ್ಲೇ ಬಲ್ಲವರಾಗಿರಬೇಕು. ಅವಳ ನರ್ಸರಿ ಟೀಚರ್ ಖುಷಿಯಿಂದ ಸಹಿ ಹಾಕಿದರು.

ಇನ್ನು ನನ್ನದು. ಐಎಲ್‌ಆರ್ ಸಿಕ್ಕಿ ಹನ್ನೆರಡು ತಿಂಗಳು ಕಾಯಬೇಕು. ಗಂಡ ಅಥವಾ ಹೆಂಡತಿ ಬ್ರಿಟಿಷ್ ಆಗಿದ್ದರೆ ಆ ಕಾಯುವಿಕೆ ಇಲ್ಲ. ಹಿಂದಿನ ಐದು ವರ್ಷದಲ್ಲಿ ದೇಶದ ಹೊರಗೆ 450 ದಿನಕ್ಕಿಂತ ಹೆಚ್ಚು ಇದ್ದಿರಬಾರದು, ಕೊನೆಯ ವರ್ಷದಲ್ಲಿ 90 ದಾಟಬಾರದು. ಹೊರಟ ದಿನ, ಬಂದಿಳಿದ ದಿನ ಲೆಕ್ಕಕ್ಕಿಲ್ಲ, ನಡುವಿನ ಪೂರ್ತಿ ದಿನಗಳು ಮಾತ್ರ.

ನಾನು ತಾರೀಖು ಬರೆದಿಟ್ಟಿರಲಿಲ್ಲ. ಒಂದು ಭಾನುವಾರ ಪಾಸ್‌ಪೋರ್ಟ್, ಒಂದು ನೋಟ್‌ಬುಕ್ ಹಿಡಿದು ಅಡುಗೆಮನೆ ಟೇಬಲ್ ಮುಂದೆ ಕೂತೆ. ಇಲ್ಲಿಂದ ಹೊರಡುವಾಗ ಸೀಲ್ ಹಾಕುವುದಿಲ್ಲ, ಕೈಗೆ ಸಿಗುವುದು ಬೆಂಗಳೂರಿನ ಸೀಲ್ ಮಾತ್ರ, ಬಂದಾಗ ಒಂದು, ಹೊರಟಾಗ ಒಂದು. ಒಂದು ಸೀಲ್ ಮಸಿ ಹರಡಿ 13 ಆಗಿತ್ತೋ 18 ಆಗಿತ್ತೋ ಕಣ್ಣಿಗೆ ಕಾಣಲಿಲ್ಲ. ಮೊಬೈಲ್ ಟಾರ್ಚ್ ಹಾಕಿ ನೋಡಿದೆ, ಕೊನೆಗೆ ಹಳೆಯ ಇಮೇಲ್‌ನಲ್ಲಿ ವಿಮಾನದ ಟಿಕೆಟ್ ಹುಡುಕಿ 18 ಅಂತ ಖಾತ್ರಿ ಮಾಡಿಕೊಂಡೆ. 2021ರಲ್ಲಿ ಅಪ್ಪನ ಆಪರೇಷನ್‌ಗೆ ಅಂತ ಹೋದವಳು, ಏಪ್ರಿಲ್ 23ಕ್ಕೆ ಭಾರತ ಬ್ರಿಟನ್ನಿನ ಕೋವಿಡ್ ರೆಡ್ ಲಿಸ್ಟ್ ಸೇರಿತು ನೋಡಿ, ಚಿಕ್ಕ ಮಗು ಜೊತೆ ಹತ್ತು ದಿನ ಹೋಟೆಲ್ ಕ್ವಾರಂಟೈನ್ ಬೇಡ ಅಂತ ಆಗಸ್ಟ್‌ವರೆಗೂ ಅಲ್ಲೇ ಇದ್ದೆ. ಎಲ್ಲ ಸೇರಿ 231 ದಿನ ಆಯಿತು. ಉಸಿರು ಬಿಟ್ಟೆ.

ಆದರೆ ಇನ್ನೊಂದು ನಿಯಮ ಇದೆ, ತುಂಬಾ ಜನ ಎಡವುವುದು ಇಲ್ಲೇ. ಅರ್ಜಿ ಹಾಕುವ ದಿನದಿಂದ ಸರಿಯಾಗಿ ಐದು ವರ್ಷ ಹಿಂದೆ ನೀವು ಇಲ್ಲಿ ಇದ್ದಿರಬೇಕು, ಕಾಲಿಟ್ಟು ಇದ್ದಿರಬೇಕು. ನಾನು 2024ರ ಡಿಸೆಂಬರ್ ಮೊದಲ ವಾರ ಹಾಕೋಣ ಅಂತಿದ್ದೆ. 2019ರ ಡಿಸೆಂಬರ್ ಮೊದಲ ವಾರ ಎಲ್ಲಿದ್ದೆ? ಮೈಸೂರಲ್ಲಿ, ತಮ್ಮನ ಮದುವೆಯಲ್ಲಿ! ಡಿಸೆಂಬರ್ 22ಕ್ಕೆ ವಾಪಸ್ಸು ಬಂದಿದ್ದೆ. ಗಮನಿಸದೆ ಹಾಕಿದ್ದರೆ 1,630 ಪೌಂಡ್ ಫೀಯಲ್ಲಿ ಹೆಚ್ಚಿನ ಪಾಲು ಕೈಬಿಟ್ಟು ಹೋಗುವ ಅಪಾಯ ಇತ್ತು. ಜನವರಿವರೆಗೆ ಕಾದೆ.

ಹೆಸರಿನ ಬಗ್ಗೆ ನಮ್ಮ ಕಡೆಯವರಿಗೆ ಒಂದು ಮಾತು. ನನ್ನ ಡಿಗ್ರಿಯಲ್ಲಿ ಇನಿಶಿಯಲ್ ಮಾತ್ರ, ಪಾಸ್‌ಪೋರ್ಟ್‌ನಲ್ಲಿ ಅದನ್ನೇ ಬಿಡಿಸಿ ಅಪ್ಪನ ಹೆಸರು ಸರ್‌ನೇಮ್ ಆಗಿದೆ. ಫಾರ್ಮ್‌ನಲ್ಲಿ ಬೇರೆ ಹೆಸರು ಬಳಸಿದ್ದೀರಾ ಅಂತ ಕೇಳುವ ಕಡೆ ಎರಡನ್ನೂ ಬರೆದೆ. ಪೌರತ್ವದ ಸರ್ಟಿಫಿಕೇಟ್‌ನಲ್ಲಿ ಪಾಸ್‌ಪೋರ್ಟ್‌ನಲ್ಲಿ ಇದ್ದ ಹಾಗೇ ಹೆಸರು ಬರಲಿ, ಮುಂದಿನ ಎಲ್ಲ ಕಾಗದಕ್ಕೂ ಅದೇ ಆಧಾರ.

ಬ್ರಿಟನ್ನಿನ ಇತಿಹಾಸ, ಬದುಕಿನ ಬಗ್ಗೆ ಕೇಳುವ ಲೈಫ್ ಇನ್ ದ ಯುಕೆ ಪರೀಕ್ಷೆ ಐಎಲ್‌ಆರ್‌ಗೆ ಮೊದಲೇ ಬರೆದಿದ್ದೆ, 24 ಪ್ರಶ್ನೆಗೆ 18 ಸರಿ ಆದರೆ ಸಾಕು, ಮತ್ತೆ ಬರೆಯಬೇಕಿಲ್ಲ. ನನ್ನ ರೆಫರಿಗಳು ಆಫೀಸಿನ ಅಕೌಂಟೆಂಟ್ ಮತ್ತು ಪಕ್ಕದ ಮನೆಯ ಬ್ರಿಟಿಷ್ ಅಜ್ಜಿ. ಇಬ್ಬರೂ ಮೂರು ವರ್ಷಕ್ಕಿಂತ ಹೆಚ್ಚು ಬಲ್ಲವರು. ಬೆರಳಚ್ಚು ಕೊಟ್ಟು ಬಂದೆ.

ಏಪ್ರಿಲ್‌ನಲ್ಲಿ ಒಪ್ಪಿಗೆ ಬಂತು. ಒಪ್ಪಿಗೆ ಬಂದ ಕೂಡಲೇ ಪೌರತ್ವ ಬರುವುದಿಲ್ಲ, ಕೌನ್ಸಿಲ್‌ನ ಸಮಾರಂಭದಲ್ಲಿ ಪ್ರಮಾಣ ಮಾಡಿದ ಮೇಲೆಯೇ. ಅದಕ್ಕೆ ಮೂರು ತಿಂಗಳ ಅವಕಾಶ ಇದೆ. ಭಾರತದಲ್ಲಿ ಇಬ್ಬಗೆ ಪೌರತ್ವ ಇಲ್ಲ, ಪ್ರಮಾಣ ಮಾಡಿದ ಆ ದಿನವೇ ನಾವು ಭಾರತೀಯರಲ್ಲ, ಭಾರತೀಯ ಪಾಸ್‌ಪೋರ್ಟ್ ಮೇಲೆ ಪ್ರಯಾಣ ಮಾಡುವಂತಿಲ್ಲ. ಬ್ರಿಟಿಷ್ ಪಾಸ್‌ಪೋರ್ಟ್ ಬಂದು, ಓಸಿಐ (ಬೇರೆ ದೇಶದ ಪೌರರಾದ ಭಾರತೀಯ ಮೂಲದವರಿಗೆ ಭಾರತ ಕೊಡುವ ಕಾರ್ಡ್) ಅಥವಾ ವೀಸಾ ಆಗುವವರೆಗೆ ಅಮ್ಮನಿಗೆ ಹುಷಾರಿಲ್ಲ ಅಂದರೂ ಹೋಗುವುದು ಕಷ್ಟ. ಅದಕ್ಕೇ ಸಮಾರಂಭಕ್ಕೆ ಮೊದಲು ಹತ್ತು ದಿನ ಊರಿಗೆ ಹೋಗಿ ಬಂದೆ. ವಾಪಸ್ಸು ಹೊರಡುವಾಗ ಬೆಂಗಳೂರಿನ ಕೌಂಟರ್‌ನಲ್ಲಿ ಆ ಪಾಸ್‌ಪೋರ್ಟ್‌ಗೆ ಕೊನೆಯ ಸೀಲ್ ಬಿತ್ತು. ವಿಮಾನ ಹತ್ತುವವರೆಗೂ ಆ ಪುಟ ತೆಗೆದು ತೆಗೆದು ನೋಡುತ್ತಿದ್ದೆ.

ಸಮಾರಂಭ ಅರ್ಧ ಗಂಟೆ. ದೇವರ ಹೆಸರಲ್ಲಿ ಅಥವಾ ಹಾಗಲ್ಲದೆ, ಹೇಗೆ ಬೇಕಾದರೂ ಪ್ರಮಾಣ ಮಾಡಬಹುದು. ನಾನು ದೇವರ ಹೆಸರಲ್ಲೇ ಮಾಡಿದೆ. ಬ್ರಿಟಿಷ್ ಪಾಸ್‌ಪೋರ್ಟ್‌ಗೆ ಆನ್‌ಲೈನ್‌ನಲ್ಲಿ ಆಗ, 2025ರಲ್ಲಿ, 94.50 ಪೌಂಡ್ ಇತ್ತು. ಅದು ಬಂದ ಮೇಲೆ ಭಾರತೀಯ ಪಾಸ್‌ಪೋರ್ಟ್ ಸರೆಂಡರ್ ಮಾಡಿ ಓಸಿಐಗೆ ಹಾಕಿದೆ. ಮಕ್ಕಳ ಪಾಸ್‌ಪೋರ್ಟನ್ನೂ ಹೀಗೇ ಸರೆಂಡರ್ ಮಾಡಬೇಕು, ಮರೆಯಬೇಡಿ. ಕ್ಯಾನ್ಸಲ್ ಸೀಲ್ ಹಾಕಿ ವಾಪಸ್ಸು ಕೊಟ್ಟರು, ಬೀರುವಿನಲ್ಲಿ ಸೀರೆ ನಡುವೆ ಇಟ್ಟಿದ್ದೇನೆ.

ನನ್ನ ಗಂಡ ಭಾರತೀಯರಾಗಿಯೇ ಉಳಿದಿದ್ದಾರೆ. ಓಸಿಐ ಇದ್ದವರು ವೋಟು ಹಾಕುವಂತಿಲ್ಲ, ಕೃಷಿ ಜಮೀನು ಕೊಳ್ಳುವಂತಿಲ್ಲ. ಮುಂದೆ ಊರಿಗೆ ಹೋಗಿ ಅಪ್ಪನ ತೋಟದ ಪಕ್ಕ ಎರಡು ಎಕರೆ ಮಾಡಿ ಬೇಸಾಯ ಮಾಡಬೇಕು ಅನ್ನುವುದು ಅವರ ಆಸೆ. ಅದು ಅವರ ನಿರ್ಧಾರ, ನಾನು ಒತ್ತಾಯ ಮಾಡಲಿಲ್ಲ. ಆದರೆ ಅದೇ ನೋಟ್‌ಬುಕ್‌ನಲ್ಲಿ ಅವರ ಹೆಸರಿನ ಒಂದು ಪುಟ ತೆರೆದಿದ್ದೇನೆ. ಈಗ ನಾನು ಬ್ರಿಟಿಷ್ ಆದ್ದರಿಂದ ಅವರಿಗೆ ಮೂರು ವರ್ಷದ ಲೆಕ್ಕ, 270 ದಿನದ ಮಿತಿ. ಅವರು ಊರಿಗೆ ಹೊರಟಾಗಲೆಲ್ಲ ತಾರೀಖು ಬರೆಯುತ್ತಿದ್ದೇನೆ.